ನೋಟೀಸಿನಲ್ಲಿ ಹುಟ್ಟಿದ ಮಗ

ನಕಲು ಮಾಡುವುದು ಸುಲಭ ಎಂದು ತಿಳಿದವರು ಒಮ್ಮೆ ನಮ್ಮ ಕಚೇರಿಗೆ ಬಂದು ನೋಡಬೇಕು. ದಾಖಲೆ ಕಚೇರಿಯ ನಕಲು ವಿಭಾಗದಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ. ಯಂತ್ರಕ್ಕೆ ಹಾಕಿದರೆ ಹರಿದುಹೋಗುವಂಥ ಹಳೆಯ ಕಾಗದಗಳು ನನ್ನ ಮೇಜಿಗೆ ಬರುತ್ತವೆ. ನಾನು ಅವನ್ನು ದುಂಡಗೆ ಬರೆದು ಕೊಡುತ್ತೇನೆ. ಮೂಲದಲ್ಲಿ ತಪ್ಪಿದ್ದರೆ ನಕಲಿನಲ್ಲೂ ಅದೇ ತಪ್ಪು ಇರಬೇಕು. ಒಮ್ಮೆ ಒಂದು ಕ್ರಯಪತ್ರದ ಮೇಲೆ ಚಹಾದ ಕಲೆ ಇತ್ತು. ನಕಲಿನಲ್ಲಿ ಅದೇ ಜಾಗದಲ್ಲಿ ದುಂಡಗೆ ಗೆರೆ ಎಳೆದು ‘ಇಲ್ಲಿ ಚಹಾದ ಕಲೆ ಇದೆ’ ಎಂದು ಬರೆದವನು ನಾನೇ. ಇದರ ಗುಟ್ಟೇನೆಂದು ಹೊಸಬರು ಕೇಳಿದರೆ ಒಂದೇ ಮಾತು ಹೇಳುತ್ತೇನೆ: ಓದಬಾರದು. ಓದಿದವನಿಗೆ ತಿದ್ದುವ ಚಪಲ ಹುಟ್ಟುತ್ತದೆ. ನಾನು ಇಪ್ಪತ್ತಾರು ವರ್ಷದಲ್ಲಿ ಒಂದು ಕಾಗದವನ್ನೂ ಓದಿದವನಲ್ಲ.

ನನ್ನ ಸೋದರತ್ತೆ ನನ್ನ ಅಕ್ಷರ ನೋಡಿ “ಮುತ್ತು ಪೋಣಿಸಿದ ಹಾಗಿದೆ ಕಣೋ” ಎಂದು ಹೊಗಳುತ್ತಿದ್ದರು. ಆದರೂ ತಮ್ಮ ಒಂದು ಕಾಗದವನ್ನೂ ನನ್ನ ಕೈಲಿ ಬರೆಸಲಿಲ್ಲ. ಪಾಪ, ದಿನವಿಡೀ ಬರೆದು ದಣಿದವನಿಗೆ ಮತ್ತೆ ತೊಂದರೆ ಕೊಡಬಾರದು ಎಂಬ ಅಂತಃಕರಣ ಇರಬೇಕು ಎಂದುಕೊಂಡಿದ್ದೆ. ಆ ಪುಣ್ಯಾತ್ಮಳು ಕಳೆದ ವರ್ಷ ತೀರಿಕೊಂಡಾಗ, ಎರಡು ಬೀದಿ ಆಚೆ ಇದ್ದ ತಮ್ಮ ಮೂರು ಕೋಣೆಯ ಮನೆಯನ್ನು ನನ್ನ ಹೆಸರಿಗೆ ಬರೆದಿಟ್ಟಿದ್ದು ಗೊತ್ತಾಯಿತು. ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲೇ ಬೆಳೆದ ನಾನು ಒಂದೇ ದಿನದಲ್ಲಿ ಮಾಲೀಕನಾದೆ. ನಡಿಗೆ ಬದಲಾಯಿತು. ಒಂದು ದೊಡ್ಡ ಹಿತ್ತಾಳೆಯ ಕೀಗೊಂಚಲು ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅದರಲ್ಲಿ ಕೀ ಒಂದೂ ಇರಲಿಲ್ಲ, ಯಾಕೆಂದರೆ ಮನೆಯ ಕೀ ಬಾಡಿಗೆದಾರರ ಹತ್ತಿರ ಇತ್ತು.

ಬಾಡಿಗೆಗಿದ್ದವರು ನರ್ಸಮ್ಮ. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದವರು, ಆ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಒಬ್ಬರೇ ಇದ್ದವರು. ಊರಿನ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದ್ದರು, ನನ್ನ ಒಬ್ಬಳೇ ಮಗಳೂ ಸೇರಿದಂತೆ. ಅವರಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ, ಹುಟ್ಟಿದ ರೀತಿ ಮಾತ್ರ ನೆನಪಿರುತ್ತಿತ್ತು. ಎದುರಿನ ಅಂಗಡಿಯ ದರ್ಜಿ ನಲವತ್ತು ದಾಟಿದ ಘನಸ್ಥ. ಅವನನ್ನು ಅವರು ನಡುಬೀದಿಯಲ್ಲಿ “ಏ ಕಾಲು ಮೊದಲು ಬಂದೋನೇ” ಎಂದೇ ಕರೆಯುತ್ತಿದ್ದರು.

ನಾನು ಮಾಲೀಕನಾದ ಸಂಭ್ರಮ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ನಾನಿದ್ದ ಬಾಡಿಗೆ ಮನೆಯ ಮಾಲೀಕರು ನನಗೇ ನೋಟೀಸು ಕೊಟ್ಟರು. ಅವರು ಹಾಸಿಗೆ ಅಂಗಡಿಯವರು, ನಮ್ಮ ಗೋಡೆಯಾಚೆಗೇ ಇದ್ದವರು. ಊರೆಲ್ಲ ಅವರನ್ನು ಹಾಸಿಗೆ ಸಾಹುಕಾರರು ಎನ್ನುತ್ತಿತ್ತು. ಕಾಗದ ಕೈಗಿಟ್ಟು “ಬೇಜಾರು ಮಾಡ್ಕೋಬೇಡಿ, ಈ ತಿಂಗಳು ಪೂರ್ತಿ ಟೈಮಿದೆ. ಹೆಂಗೂ ನಿಮಗೆ ಸ್ವಂತ ಮನೆ ಆಯ್ತಲ್ಲ” ಎಂದರು. ಮಾಲೀಕನೊಬ್ಬನನ್ನು ಇನ್ನೊಬ್ಬ ಮಾಲೀಕ ಹೊರಗೆ ಹಾಕುವುದೆಂದರೇನು? ನಾನು ಕಾಗದವನ್ನು ಕಚೇರಿಯ ಮೇಜಿನ ಡ್ರಾಯರಿಗೆ ತುರುಕಿ, ಮನೆಗೆ ಬಂದು ಹೆಂಡತಿಗೆ ಗತ್ತಿನಿಂದ ಹೇಳಿದೆ:

“ಈ ತಿಂಗಳು ಮುಗೀತಿದ್ದ ಹಾಗೆ ನಮ್ಮ ಮನೆಗೆ ಹೋಗೋಣ. ಹಾಸಿಗೆಯವರಿಗೆ ನಾನೇ ಹೇಳ್ಬಿಟ್ಟೆ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ.”

“ನರ್ಸಮ್ಮನಿಗೆ ಹೇಳಿದ್ರಾ?”

“ಅದೇನು ದೊಡ್ಡ ವಿಷಯ!”

ದೊಡ್ಡ ವಿಷಯವೇ ಆಗಿತ್ತು. ಮೊದಲನೆಯ ಸಲ ಹೋದಾಗ ನರ್ಸಮ್ಮ ಬಾಗಿಲು ತೆರೆದು ನನ್ನ ಮುಖ ನೋಡಿದರು. “ಇದೇನಯ್ಯಾ, ಮುಖ ಹಿಂಗೆ ಬಿಳಚಿಕೊಂಡಿದೆ? ಕೂತ್ಕೋ. ಬಾಯಿ ತೆಗಿ.” ನಾನು ಮನೆಯ ವಿಷಯ ಹೇಳಲೆಂದೇ ಬಾಯಿ ತೆರೆದೆ, ಅವರು ಅದಕ್ಕೆ ಥರ್ಮಾಮೀಟರ್ ಇಟ್ಟರು. ಅದು ಬಾಯಲ್ಲಿ ಇರುವಷ್ಟು ಹೊತ್ತು ಮಾಲೀಕನಾದವನು ಮಾತಾಡುವುದು ಹೇಗೆ? ತೆಗೆದ ಮೇಲೆ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ನಾನು ನಮಸ್ಕಾರ ಹೇಳಿ ಬಂದೆ. ಎರಡನೆಯ ಸಲ ಬಾಗಿಲಲ್ಲೇ ನಿಂತು ಹೇಳಿಬಿಡೋಣ ಎಂದು ಹೋದೆ. ಆ ಸಲ ನಾಲಿಗೆ ಹೊರಗೆ ಚಾಚಿಸಿ ಟಾರ್ಚು ಬಿಟ್ಟರು. ಚಾಚಿದ ನಾಲಿಗೆಯಿಂದ “ಮನೆ ಖಾಲಿ ಮಾಡಿ” ಎಂದು ಹೇಳಿದ್ದೇನೋ ನಿಜ, ಆದರೆ ಅವರು “ಇನ್ನೊಂದು ಸಲ ಆ ಅನ್ನು” ಎಂದರು.

ಅಲ್ಲಿಗೆ ನಾನು ಬಾಯಿಯ ಸಹವಾಸವೇ ಬೇಡವೆಂದು ಲೇಖನಿಗೆ ಶರಣಾದೆ. ನೋಟೀಸು ಬರೆಯುವ ಕ್ರಮ ನನಗೆ ಗೊತ್ತಿರಲಿಲ್ಲ. ಆದರೆ ಮಾದರಿ ಡ್ರಾಯರಿನಲ್ಲೇ ಇತ್ತಲ್ಲ! ಹಾಸಿಗೆ ಸಾಹುಕಾರರ ಕಾಗದ ತೆಗೆದು ಮುಂದಿಟ್ಟುಕೊಂಡೆ. ಕೊಡುವವರ ಹೆಸರು, ತೆಗೆದುಕೊಳ್ಳುವವರ ಹೆಸರು, ಮನೆಯ ನಂಬರು, ಈ ಮೂರನ್ನು ಬದಲಾಯಿಸಿ ಮಿಕ್ಕದ್ದನ್ನು ಇದ್ದ ಹಾಗೆ ಇಳಿಸಿದೆ. ಇಂಥ ಚೆಂದದ ನೋಟೀಸು ಆ ಊರಿನಲ್ಲಿ ಯಾವ ಮಾಲೀಕನೂ ಕೊಟ್ಟಿರಲಿಕ್ಕಿಲ್ಲ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ಎರಡು ದಿನ ಆ ಬೀದಿಯ ಕಡೆ ತಲೆ ಹಾಕಲಿಲ್ಲ.

ಮೂರನೆಯ ದಿನ ಸಂಜೆ ನರ್ಸಮ್ಮನೇ ಮಾರುಕಟ್ಟೆಯ ನಡುವೆ ನನ್ನನ್ನು ಹಿಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಬೆನ್ನಿಗೆ ಬಿದ್ದ ಏಟು ಬಲವಾಗಿತ್ತು, ಆದರೆ ಅದರಲ್ಲಿ ಕೋಪ ಇದ್ದಂತಿರಲಿಲ್ಲ.

“ಭೇಷ್ ಕಣಯ್ಯಾ! ಇಂಥ ಸುದ್ದೀನ ಅಂಚೇಲಿ ಕಳಿಸ್ತಾರಾ? ಮಗನ ಮದುವೆ! ಹೊಸ ಜೋಡಿಗೆ ಬೇರೆ ಮನೆ ಬೇಕು ಅಂತ ನೀಟಾಗಿ ಬರೆದಿದ್ದೀಯ. ಬಿಡ್ತೀನಿ, ಖಂಡಿತ ಬಿಡ್ತೀನಿ. ಬೇರೆ ಏನೇ ನೆಪ ಹೇಳಿದ್ರೂ ನನ್ನ ಹೆಣ ಬಿದ್ದ ಮೇಲೇ ನೀನು ಆ ಮನೆಗೆ ಕಾಲಿಡ್ತಿದ್ದೆ. ಮದುವೆ ಅಂದ್ಮೇಲೆ ಮುಗೀತು!”

ನಾನು ಮನೆಗೆ ಹೋಗದೆ ನೇರ ಕಚೇರಿಗೆ ಓಡಿದೆ. ಕಾವಲುಗಾರನ ಕಾಲು ಹಿಡಿದು ಒಳಗೆ ಹೋಗಿ, ಡ್ರಾಯರು ತೆರೆದು, ಜೀವಮಾನದಲ್ಲಿ ಮೊದಲ ಸಲ ಒಂದು ಕಾಗದವನ್ನು ಓದಿದೆ. ‘ನಮ್ಮ ಹಿರಿಯ ಮಗನಿಗೆ ಮದುವೆ ನಿಶ್ಚಯವಾಗಿದ್ದು, ನವದಂಪತಿಗಳಿಗೆ ಪ್ರತ್ಯೇಕ ಮನೆಯ ಅಗತ್ಯವಿರುವುದರಿಂದ, ತಾವು ಈ ತಿಂಗಳ ಕೊನೆಯೊಳಗೆ ಮನೆಯನ್ನು ತೆರವು ಮಾಡಿ ಬೀಗದ ಕೈ ಒಪ್ಪಿಸಬೇಕಾಗಿ ಕೋರುತ್ತೇನೆ.’ ಒಂಬತ್ತು ವರ್ಷದ ಮಗಳೊಬ್ಬಳನ್ನು ಬಿಟ್ಟರೆ ನನಗೆ ಬೇರೆ ಸಂತಾನವಿಲ್ಲ. ನನ್ನ ಮುತ್ತಿನಂಥ ಅಕ್ಷರದಲ್ಲಿ, ನನ್ನ ಸಹಿಯ ಮೇಲೆ, ನನಗೆ ಮದುವೆ ವಯಸ್ಸಿನ ಮಗನೊಬ್ಬ ಹುಟ್ಟಿದ್ದ.

ಈಗ ನಿಜ ಹೇಳಿದರೆ ನರ್ಸಮ್ಮ ಮನೆ ಬಿಡುವುದಿಲ್ಲ. ಅವರು ಬಿಡದಿದ್ದರೆ ತಿಂಗಳ ಕೊನೆಗೆ ಹೆಂಡತಿ, ಮಗಳು, ಪಾತ್ರೆ ಪರಡಿ ಸಮೇತ ನಾನು ಬೀದಿಯಲ್ಲಿ. ಬರೀ ಮೂರು ವಾರ ತೆಪ್ಪಗಿದ್ದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಾನು ತೆಪ್ಪಗಿದ್ದೆ. ಊರು ಮಾತ್ರ ತೆಪ್ಪಗಿರಲಿಲ್ಲ.

ನರ್ಸಮ್ಮನ ಹತ್ತಿರ ಒಂದು ದಪ್ಪ ಹೆರಿಗೆ ಪುಸ್ತಕ ಇತ್ತು. ತಮ್ಮ ಕೈಯಲ್ಲಿ ಹುಟ್ಟಿದ ಪ್ರತಿ ಮಗುವಿನ ದಿನ, ಹೊತ್ತು, ತೂಕ ಎಲ್ಲ ಅದರಲ್ಲಿ. ಮದುಮಗ ಎಷ್ಟು ತೂಕವಿದ್ದ ಎಂದು ನೋಡಲು ಅವರು ಪುಸ್ತಕ ತೆರೆದಿದ್ದಾರೆ. ನನ್ನ ಹೆಸರಿನ ಮುಂದೆ ಒಂದೇ ಒಂದು ಹೆಣ್ಣುಮಗು. ಹಿಂದೆ ಮುಂದೆ ಹುಡುಕಿದ್ದಾರೆ, ಗಂಡಿಲ್ಲ. ಹಾಗಾದರೆ ಹುಡುಗ ಬೇರೆ ಊರಿನಲ್ಲಿ, ಬೇರೆ ತಾಯಿಗೆ, ನನ್ನ ಮದುವೆಗೂ ಎಷ್ಟೋ ಮುಂಚೆ ಹುಟ್ಟಿರಬೇಕು ಎಂದು ತೀರ್ಮಾನವಾಯಿತು. ಅವರು ಒಳ್ಳೆಯ ಮನಸ್ಸಿನವರು. ನನ್ನ ಮಾನ ಉಳಿಸಲೆಂದು ಬೀದಿಯಲ್ಲಿ ಮನೆಮನೆಗೂ ಹೋಗಿ “ಪಾಪ, ಹಳೇ ವಿಷಯ. ಅವನಿಗೆ ಬೇರೆ ಕಡೆ ಒಬ್ಬ ಮಗ ಇರೋ ವಿಚಾರ ಯಾರೂ ಎತ್ತಬೇಡಿ” ಎಂದು ಕೈಮುಗಿದು ಕೇಳಿಕೊಂಡರು. ಅಲ್ಲಿಯವರೆಗೆ ಗೊತ್ತಿಲ್ಲದವರಿಗೂ ಅಂದು ಗೊತ್ತಾಯಿತು.

ಮರುದಿನ ದರ್ಜಿ ನನ್ನನ್ನು ಅಂಗಡಿಯೊಳಗೆ ಎಳೆದುಕೊಂಡು ಕುತ್ತಿಗೆಗೆ ಟೇಪು ಹಾಕಿದ.

“ಸಾರ್, ಮದುಮಗನ ಕೋಟು ನಂದು. ಹುಡುಗನ್ನ ಕರ್ಕೊಂಬನ್ನಿ.”

“ಅವನು ಈಗ ಇಲ್ಲಪ್ಪಾ...”

“ಗೊತ್ತು ಸಾರ್, ಗೊತ್ತು. ಜನದ ಮುಂದೆ ತರೋಕೆ ಸಂಕೋಚ. ನಾನು ಏನೂ ಕೇಳಲ್ಲ. ಅಪ್ಪನ ಅಳತೆ ತಗೊಂಡು ತೋಳು ಎರಡು ಇಂಚು ಉದ್ದ ಇಡ್ತೀನಿ. ಈಗಿನ ಹುಡುಗರು ಅಪ್ಪಂದಿರಿಗಿಂತ ಉದ್ದ.” ಅಳತೆ ಮುಗಿಸಿ ನನ್ನ ಹೆಗಲು ತಟ್ಟಿ, “ನೋಡೋಕೆ ಇಷ್ಟು ಸಾಧು ಕಾಣ್ತೀರ ಸಾರ್!” ಎಂದ. ಆ ದನಿಯಲ್ಲಿ ಗೌರವ ಇತ್ತು. ಇಪ್ಪತ್ತಾರು ವರ್ಷ ಚೊಕ್ಕವಾಗಿ ನಕಲು ತೆಗೆದರೂ ನನಗೆ ಆ ಊರಿನಲ್ಲಿ ಅಂಥ ಗೌರವ ಸಿಕ್ಕಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅದೇ ದರ್ಜಿ ನಮ್ಮ ಹೆಡ್ ಕ್ಲಾರ್ಕಿನ ಪ್ಯಾಂಟು ಹೊಲಿಯುವವನು. ಹೀಗಾಗಿ ಶನಿವಾರ ಕಚೇರಿ ಮುಗಿಯುವ ಹೊತ್ತಿಗೆ ಎಲ್ಲರೂ ನನ್ನ ಮೇಜಿನ ಸುತ್ತ ನೆರೆದು, ಹೆಡ್ ಕ್ಲಾರ್ಕ್ ಎರಡು ಮಾತಾಡಿ, ಬಣ್ಣದ ಕಾಗದ ಸುತ್ತಿದ ದೊಡ್ಡದೊಂದು ಪೊಟ್ಟಣವನ್ನು ನನ್ನ ಕೈಗಿಟ್ಟರು. “ಎಷ್ಟೇ ಆಗಲಿ ರಕ್ತಸಂಬಂಧ. ನೀವು ಕೈಬಿಡಲಿಲ್ಲವಲ್ಲ, ಅದು ದೊಡ್ಡತನ” ಎಂದು ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿ ಬಂತು. ನನ್ನ ದೊಡ್ಡತನದ ಬಗ್ಗೆ ಹಿಂದೆ ಯಾರೂ ಹೇಳಿರಲಿಲ್ಲ.

ಪೊಟ್ಟಣವನ್ನು ಮನೆಗೆ ತಂದದ್ದು ನನ್ನ ತಪ್ಪು. ಮಗಳು ಬಿಚ್ಚಿದಳು. ಗೋಡೆ ಗಡಿಯಾರ, ಅದರ ಕೆಳಗೆ ಹಿತ್ತಾಳೆಯ ತಗಡು. ಇವಳು ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಓದುವ ಹುಡುಗಿ. ಈ ಚಾಳಿ ನನ್ನಿಂದ ಬಂದದ್ದಲ್ಲ.

“‘ನಕಲು ವಿಭಾಗದ ಗುಮಾಸ್ತರ ಸುಪುತ್ರನ ಮದುವೆಗೆ ಪ್ರೀತಿಯ ಕಾಣಿಕೆ.’ ಅಮ್ಮಾ, ಸುಪುತ್ರ ಅಂದ್ರೆ ಮಗ ಅಲ್ವಾ? ಅಪ್ಪನಿಗೆ ಮಗ ಇದ್ದಾನಾ? ಹಾಗಾದ್ರೆ ನನಗೆ ಅಣ್ಣ ಇದ್ದಾನೆ! ಎಲ್ಲಿದ್ದಾನಪ್ಪಾ? ಸೈಕಲ್ ಹೊಡೆಯೋಕೆ ಕಲಿಸ್ತಾನಾ?”

ಹೆಂಡತಿ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ನಾನು ಆಗ ನಿಜವನ್ನೇ ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಹಾಸಿಗೆ ಸಾಹುಕಾರರು ನಮ್ಮನ್ನು ಬಿಡಿಸುತ್ತಿರುವುದನ್ನೂ ಬಿಡದೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅಂದ್ರೆ, ನಿಮ್ಮ ಕೈಯಾರೆ ‘ನಮ್ಮ ಹಿರಿಯ ಮಗ’ ಅಂತ ಬರೀತಾ ಇದ್ರಿ, ನಿಮಗೆ ಗೊತ್ತಾಗಲಿಲ್ಲ.”

“ನಾನು ಓದಲ್ಲ ಕಣೇ. ಬರೀ ಬರೀತೀನಿ.”

“ರೀ, ಸುಳ್ಳು ಹೇಳೋದಾದ್ರೆ ನಂಬೋ ಅಂಥದ್ದು ಹೇಳಿ. ಆ ನೋಟೀಸು ತೋರಿಸಿ.”

“ಕಚೇರಿ ಡ್ರಾಯರಲ್ಲಿದೆ. ನಾಳೆ ಭಾನುವಾರ, ಬೀಗ.”

“ಎಷ್ಟು ಅನುಕೂಲ!” ಎಂದು ಅವಳು ಎದ್ದು ತಮ್ಮನಿಗೆ ಫೋನು ಮಾಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಹೇಳಿದ ಚಿಲ್ಲರೆ ಸುಳ್ಳುಗಳನ್ನೆಲ್ಲ ಅವಳು ನಂಬಿದ್ದಾಳೆ. ಅಪ್ಪಟ ನಿಜ ಹೇಳಿದ ದಿನ ಪೆಟ್ಟಿಗೆ ಕಟ್ಟಿದಳು.

ಭಾನುವಾರ ಬೆಳಿಗ್ಗೆ ನನ್ನ ಭಾವಮೈದುನ ಬಂದ. ಅವನು ಬಸ್ ಕಂಡಕ್ಟರ್. ಎಂಥ ಗದ್ದಲವಿದ್ದರೂ ಎರಡೇ ಮಾತಿಗೆ ಜನವನ್ನು ಸಾಲಾಗಿ ನಿಲ್ಲಿಸಬಲ್ಲವನು. ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಕೇಳಿದ.

“ಭಾವ, ಒಂದೇ ಪ್ರಶ್ನೆ. ಹುಡುಗ ಎಲ್ಲಿ?”

“ಹುಡುಗನೇ ಇಲ್ಲಪ್ಪಾ.”

“ಹುಡುಗ ಇಲ್ಲದೆ ಗಡಿಯಾರ ಬಂತಾ?”

ಅಷ್ಟರಲ್ಲಿ ಬಾಗಿಲಲ್ಲಿ ದರ್ಜಿ ನಿಂತಿದ್ದ, ಕೈಯಲ್ಲಿ ಇಸ್ತ್ರಿ ಮಾಡಿದ ಕಪ್ಪು ಕೋಟು. ಅವನ ಹಿಂದೆ ನರ್ಸಮ್ಮ, ಕಂಕುಳಲ್ಲಿ ಹೆರಿಗೆ ಪುಸ್ತಕ. “ಏನೇ ಆಗಲಿ, ಹುಡುಗ ಹುಟ್ಟಿದ ದಿನ, ತೂಕ ಬರ್ಕೊಂಡು ಹೋಗೋಣ ಅಂತ ಬಂದೆ. ನನ್ನ ಪುಸ್ತಕದಲ್ಲಿ ಖಾಲಿ ಬಿಡೋಕಾಗಲ್ಲ” ಎಂದರು. ಅವರ ಹಿಂದೆ ಬೀದಿಯವರು. ನನ್ನ ಮಗಳು ಎಲ್ಲರ ಕಾಲ ಸಂದಿಯಲ್ಲಿ ತೂರಿಕೊಂಡು “ಅಣ್ಣ ಬಂದನಾ? ಅಣ್ಣ ಬಂದನಾ?” ಎಂದು ಹುಡುಕುತ್ತಿದ್ದಳು.

“ಹಾಸಿಗೆ ಸಾಹುಕಾರರನ್ನೇ ಕೇಳಿ! ಪಕ್ಕದಲ್ಲೇ ಇದ್ದಾರೆ, ಅವರನ್ನೇ ಕೇಳಿ!” ಎಂದು ನಾನು ಕೂಗಿಕೊಂಡೆ.

ಭಾವಮೈದುನ ಶಿಳ್ಳೆ ಊದಿದ. “ನಡೀರಿ ನಡೀರಿ, ಮುಂದೆ ಸರೀರಿ, ಬಾಗಿಲಲ್ಲಿ ನಿಲ್ಲಬೇಡಿ!” ಎರಡು ನಿಮಿಷದಲ್ಲಿ ಇಡೀ ಗುಂಪು ಪಕ್ಕದ ಮನೆಯ ನಡುಮನೆಯಲ್ಲಿತ್ತು. ಹಾಸಿಗೆ ಸಾಹುಕಾರರು ಬನಿಯನ್ನಿನಲ್ಲಿ ಕೂತು ಚಹಾ ಕುಡಿಯುತ್ತಿದ್ದವರು, ಇಷ್ಟು ಜನ ನುಗ್ಗಿದ್ದು ಕಂಡು ಲೋಟ ಹಿಡಿದೇ ಎದ್ದು ನಿಂತರು.

“ಮದುವೆ ಯಾರದು, ಹೇಳಿಬಿಡಿ!” ಎಂದ ಭಾವಮೈದುನ.

“ನ-ನನ್ನ ಮಗಂದು! ತಪ್ಪಾಯ್ತಾ?”

“ಇವರಿಗೆ ನೋಟೀಸು ಕೊಟ್ರಾ?”

“ಕೊಟ್ಟೆ. ಹುಡುಗನಿಗೆ ಬೇರೆ ಮನೆ ಬೇಕು ಅಂತ. ಅದಕ್ಕೆ ಇಷ್ಟು ಜನಾನ ಕರ್ಕೊಂಡು ಬರೋದಾ? ಬೇಡ ಅಂದ್ರೆ ಒಂದು ಮಾತು ಹೇಳಿದ್ರೆ ಸಾಕಿತ್ತು!”

ಒಳಗಿನಿಂದ ಅವರ ಹೆಂಡತಿ ನೋಟೀಸಿನ ಕರಡು ಪ್ರತಿ ತಂದರು. ನನ್ನ ಹೆಂಡತಿ ಅದನ್ನು ಓದಿದಳು. ನರ್ಸಮ್ಮ ಪುಸ್ತಕದೊಳಗಿಂದ ನನ್ನ ನೋಟೀಸು ತೆಗೆದು ಕೊಟ್ಟರು, ಅದನ್ನೂ ಓದಿದಳು. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. ಆಮೇಲೆ ನಕ್ಕಳು. ಅಂಥ ನಗುವನ್ನು ನಾನು ಹಿಂದೆ ಕೇಳಿರಲಿಲ್ಲ, ಉಸಿರು ಕಟ್ಟಿ, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವವರೆಗೆ ನಕ್ಕಳು. “ಅಯ್ಯೋ, ನಿಜವಾಗ್ಲೂ ಓದಿಲ್ಲ ಕಣೋ ಇವರು! ಇಷ್ಟು ವರ್ಷ ನಾನು ಎಂಥವರ ಜೊತೆ ಸಂಸಾರ ಮಾಡಿದೀನಿ!” ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ, ಎದೆಯ ಮೇಲಿನ ಕಲ್ಲು ಇಳಿದು ನಾನೂ ನಗತೊಡಗಿದೆ.

ನಗದಿದ್ದವರು ನರ್ಸಮ್ಮ ಒಬ್ಬರೇ.

“ಹಂಗಾದ್ರೆ ನಿನಗೆ ಮಗ ಇಲ್ಲ.”

“ಇಲ್ಲ ನರ್ಸಮ್ಮಾ.”

“ಮದುವೆ ಇಲ್ಲ.”

“ಇಲ್ಲ.”

“ಮತ್ತೆ ನಾನ್ಯಾಕಯ್ಯಾ ಮನೆ ಬಿಡಲಿ?”

ನನ್ನ ಹೆಂಡತಿಯ ನಗು ನಿಂತಿತು. ತಿಂಗಳು ಮುಗಿಯಲು ಹತ್ತು ದಿನ ಉಳಿದಿತ್ತು. ಹೆಂಡತಿ ಸಿಕ್ಕಿದಳು, ಮನೆ ಹೋಯಿತು ಎಂದು ನಾನು ಲೆಕ್ಕ ಹಾಕುತ್ತಿರುವಾಗ, ಮಹಡಿಯಿಂದ ಸಾಹುಕಾರರ ಮಗ ಇಳಿದು ಬಂದ. ಆರಡಿ ಎತ್ತರ, ನಾಚಿಕೆಯ ಮುಖ. ತನ್ನ ಮದುವೆಯ ಮೇಲೆ ಇಷ್ಟು ಜನ ವಿಚಾರಣೆ ನಡೆಸುತ್ತಿರುವುದು ಕಂಡು ಮೆಟ್ಟಿಲಲ್ಲೇ ನಿಂತುಬಿಟ್ಟ.

ನರ್ಸಮ್ಮ ಅವನನ್ನು ದಿಟ್ಟಿಸಿದರು. ಪುಸ್ತಕ ತೆರೆದು ಹಾಳೆ ಮಗುಚಿ, ಒಂದು ಕಡೆ ಬೆರಳಿಟ್ಟರು.

“ನೀನು ಅಳದೆ ಹುಟ್ಟಿದೋನು! ನೀಲಿಗಟ್ಟಿದ್ದೆ. ತಲೆಕೆಳಗೆ ಹಿಡಿದು ಬೆನ್ನಿಗೆ ನಾಲ್ಕು ಬಾರಿಸಿದ ಮೇಲೆ ಅತ್ತೆ. ನಿಮ್ಮಪ್ಪ ಹೊರಗೆ ಎಚ್ಚರ ತಪ್ಪಿ ಬಿದ್ದಿದ್ದ, ಅವನಿಗೂ ಎರಡು ಬಾರಿಸಿದ್ದೆ.”

ಸಾಹುಕಾರರು ಲೋಟ ಕೆಳಗಿಟ್ಟು ಕೈಮುಗಿದರು. ನರ್ಸಮ್ಮ ನನ್ನ ಕಡೆ ತಿರುಗಿದರು.

“ಕಾಗದದಲ್ಲಿ ಏನು ಬರೆದಿದೀಯ? ನಮ್ಮ ಮಗನ ಮದುವೆ ಅಂತ. ಇವನು ನನ್ನ ಕೈಲಿ ಉಸಿರಾಡೋಕೆ ಕಲಿತವನು, ಅಂದ್ಮೇಲೆ ನನ್ನ ಮಗನೂ ಹೌದು. ಬರೆದದ್ದು ಸುಳ್ಳಲ್ಲ. ಇವನು ಒಂದು ಮನೆ ಸೇರಬೇಕು ಅಂದ್ರೆ ನೀನು ಆ ಮನೆ ಬಿಡಬೇಕು, ನೀನು ಬಿಡಬೇಕು ಅಂದ್ರೆ ನಾನು ಬಿಡಬೇಕು. ಬಿಟ್ಟೆ, ಹೋಗು!” ಆಮೇಲೆ ಪುಸ್ತಕ ಮುಚ್ಚಿ, “ಆದ್ರೆ ನಾನು ಎಲ್ಲಿಗೆ ಹೋಗಲಿ ಅನ್ನೋದೊಂದು ಉಳೀತು” ಎಂದರು. ನಿಜ ಹೇಳಬೇಕೆಂದರೆ ಅದನ್ನು ಈವರೆಗೆ ನಾನೂ ಯೋಚಿಸಿರಲಿಲ್ಲ. ಕೀಗೊಂಚಲು ಸೊಂಟದಲ್ಲಿ ಭಾರವಾಯಿತು.

ಸಾಹುಕಾರರ ಹೆಂಡತಿ ಮುಂದೆ ಬಂದರು. “ಎಲ್ಲಿಗೂ ಹೋಗಬೇಡಿ ನರ್ಸಮ್ಮಾ. ನಮ್ಮ ಮಹಡಿ ಮೇಲೆ ಎರಡು ಕೋಣೆ ಇದೆ. ನಾಳೆ ಸೊಸೆಗೆ ಮಗು ಅಂದಾಗ ಗೋಡೆಯಾಚೆ ನೀವಿದ್ರೆ ನಮಗೆ ಇನ್ನೇನು ಬೇಕು?”

“ಅಲ್ಲಿ ನನ್ನ ಹಾಸಿಗೆ ದಾಸ್ತಾನು ಇದೆಯಲ್ಲೇ! ಅದನ್ನ ಎಲ್ಲಿಡಲಿ?” ಎಂದರು ಸಾಹುಕಾರರು.

“ಅಂಗಡೀಲಿ ಇಡಿ. ಜನ ಸಾಮಾನ್ಯವಾಗಿ ಅಲ್ಲೇ ಇಡ್ತಾರೆ.”

ತಿಂಗಳ ಕೊನೆಯ ದಿನ ಒಂದೇ ಲಾರಿ ಮೂರು ಸಲ ಓಡಾಡಿತು. ಮಹಡಿಯ ಹಾಸಿಗೆಗಳು ಅಂಗಡಿಗೆ, ನರ್ಸಮ್ಮನ ಸಾಮಾನು ಮಹಡಿಗೆ, ನಮ್ಮ ಸಾಮಾನು ನಮ್ಮ ಮನೆಗೆ. ಲಾರಿಯ ಹಿಂದೆ ನಿಂತು ಭಾವಮೈದುನ ಶಿಳ್ಳೆ ಊದುತ್ತಿದ್ದ. ಗಡಿಯಾರ ಮದುಮಗನಿಗೆ ಹೋಯಿತು. ತಗಡನ್ನು ಮಾತ್ರ ಕಿತ್ತಿಟ್ಟುಕೊಂಡೆವು. ಕೋಟು ಅವನ ತೋಳಿಗೆ ಗಿಡ್ಡವಾಗಿ ನನ್ನ ತೋಳಿಗೆ ಉದ್ದವಾಗಿ ಕೊನೆಗೆ ನನ್ನಲ್ಲೇ ಉಳಿಯಿತು. ಮಗಳು ಹಟ ಬಿಡಲಿಲ್ಲ. ಆ ಆರಡಿಯ ಹುಡುಗನ ಮುಂದೆ ನಿಂತು “ನೀವೇ ಆಗ್ತೀರಾ ಅಣ್ಣ?” ಎಂದು ಕೇಳಿಯೇಬಿಟ್ಟಳು. ಅವನು ಈಗ ಪ್ರತಿ ಭಾನುವಾರ ಸೈಕಲ್ಲಿನ ಹಿಂದೆ ಓಡುತ್ತಾನೆ.

ಉಳಿದದ್ದು ಒಂದು ಕೆಲಸ. ನರ್ಸಮ್ಮನಿಗೂ ಸಾಹುಕಾರರಿಗೂ ಹೊಸ ಬಾಡಿಗೆ ಕರಾರು ಆಗಬೇಕಿತ್ತು. ಬರೆಯುವವನು ನಾನಿರುವಾಗ ಬೇರೆಯವರೇಕೆ? ಮಾದರಿಗೆ, ನರ್ಸಮ್ಮನಿಗೂ ನನ್ನ ಸೋದರತ್ತೆಗೂ ಆಗಿದ್ದ ಹಳೆಯ ಕರಾರು ಪತ್ರವೇ ನನ್ನ ಕಪಾಟಿನಲ್ಲಿತ್ತು. ಈ ಸಲ ಭಾರೀ ಜಾಗ್ರತೆ ವಹಿಸಿದೆ. ಮಗ, ಮಗಳು, ಮದುವೆ ಎಂಬ ಪದಗಳು ಎಲ್ಲಾದರೂ ಇವೆಯೇ ಎಂದು ಬೆರಳಿಟ್ಟು ಮೊದಲ ಪುಟ ಪೂರ್ತಿ ಹುಡುಕಿದೆ. ಇರಲಿಲ್ಲ. ಎರಡನೆಯ ಪುಟ ಹೇಗೂ ಷರತ್ತುಗಳದ್ದು, ಎಲ್ಲ ಕರಾರಿನಲ್ಲೂ ಒಂದೇ ತರಹ. ಅದನ್ನು ಇದ್ದ ಹಾಗೆ ಇಳಿಸಿ, ಕೆಳಗೆ ಬರೆದವನೆಂದು ನನ್ನ ಸಹಿ ಹಾಕಿ, ಎಲ್ಲರ ಮುಂದೆ ಇಟ್ಟೆ. ಹೆಂಡತಿ ಯಾಕೋ ಅದನ್ನು ಮಗಳ ಕೈಗೆ ಕೊಟ್ಟಳು. ಮಗಳು ಸುಣ್ಣ ಬಣ್ಣ, ನಲ್ಲಿ, ಕಿಟಕಿಯ ಷರತ್ತುಗಳನ್ನೆಲ್ಲ ಗಟ್ಟಿಯಾಗಿ ಓದಿ ಮುಗಿಸಿ ಕೊನೆಯದಕ್ಕೆ ಬಂದಳು.

“‘ಒಂಬತ್ತನೆಯದಾಗಿ, ಈ ಕರಾರನ್ನಾಗಲಿ, ಮನೆಗೆ ಸಂಬಂಧಪಟ್ಟ ಇನ್ನಾವುದೇ ಕಾಗದವನ್ನಾಗಲಿ, ಮಾಲೀಕರ ತಮ್ಮನ ಮಗನ ಕೈಲಿ ಬರೆಸಕೂಡದು. ಅವನು ಒಳ್ಳೆಯವನು. ಅಕ್ಷರವೂ ಮುತ್ತು. ಆದರೆ ಓದುವುದಿಲ್ಲ.’”

ನರ್ಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ನಿಮ್ಮತ್ತೆ ಹಟ ಹಿಡಿದು ಹಾಕಿಸಿದ್ದು ಕಣಯ್ಯಾ. ಹತ್ತೊಂಬತ್ತು ವರ್ಷದಿಂದ ಇದೆ, ನಿನ್ನ ಕಪಾಟಿಗೆ ಬಂದೇ ಒಂದು ವರ್ಷ ಆಯ್ತು.”

ನಾನು ಕಾಗದ ತೆಗೆದುಕೊಂಡು ಮೂಲದ ಜೊತೆ ಹೋಲಿಸಿದೆ. ಅಕ್ಷರ ಒಂದೂ ತಪ್ಪಿರಲಿಲ್ಲ.